ಓಟದಲ್ಲಿ ಮೊದಲು ಬಂದವನೇ ಫಿಟ್ಟಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೈಸ್ಕೂಲ್ ಮಕ್ಕಳ ಫಿಟ್‌ನೆಸ್ ಪರೀಕ್ಷೆ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಮೇಷ್ಟ್ರುಗಳು, ಅಪ್ಪ ಅಮ್ಮಂದಿರು, ಮಕ್ಕಳು, ಮೂರೂ ಕಡೆಯವರು ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ, ಉದ್ದ ಪತ್ರಗಳನ್ನು ಕತ್ತರಿಸಿ ಕೊಟ್ಟಿದ್ದೇನೆ. ಹೆಸರು ಹಾಕಿಲ್ಲ, ಬಹಳ ಜನ ಬೇಡ ಅಂದಿದ್ದಾರೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಪ್ರತಿ ವರ್ಷ 100 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ ಮಾಡಿಸಿ ಮಕ್ಕಳ ಫಿಟ್‌ನೆಸ್ ವರದಿ ಬರೆಯುತ್ತಾ ಬಂದಿದ್ದೇನೆ. ಈಗ 'ಆರೋಗ್ಯ ಸಂಬಂಧಿ ಫಿಟ್‌ನೆಸ್' ಅಳೆಯಿರಿ ಅನ್ನುತ್ತಿದ್ದಾರೆ. ಹಳೇ ಕೆಲಸಕ್ಕೇ ಹೊಸ ಹೆಸರಾ?

ಉತ್ತರ: ಅಲ್ಲ ಮೇಷ್ಟ್ರೇ, ಕೆಲಸವೇ ಬೇರೆ. 100 ಮೀಟರ್ ಓಟದಲ್ಲಿ ಗೊತ್ತಾಗುವುದು ವೇಗ. ಗುಂಡು ಎಸೆತದಲ್ಲಿ ಗೊತ್ತಾಗುವುದು ಒಮ್ಮೆಗೇ ಹಾಕುವ ಬಲ ಮತ್ತು ಎಸೆಯುವ ವರಸೆ. ವೇಗ, ಚುರುಕು, ಸಮತೋಲ, ಕೈ ಕಣ್ಣಿನ ಹೊಂದಾಣಿಕೆ ಇವೆಲ್ಲ ಆಟಕ್ಕೆ ಬೇಕಾದ ಗುಣಗಳು. ಇವು ಇದ್ದವನು ತಂಡಕ್ಕೆ ಸೇರುತ್ತಾನೆ, ಇಲ್ಲದವನು ಕಾಯಿಲೆ ಬೀಳುತ್ತಾನೆ ಅಂತೇನೂ ಇಲ್ಲ. ಆರೋಗ್ಯದ ಜೊತೆ ನೇರವಾಗಿ ಸೇರಿಕೊಂಡಿರುವುದು ಐದು ಸಂಗತಿ. ಹೃದಯ ಮತ್ತು ಶ್ವಾಸಕೋಶದ ದಮ್ಮು, ಸ್ನಾಯುವಿನ ಬಲ, ಅದೇ ಸ್ನಾಯು ಎಷ್ಟು ಹೊತ್ತು ಸೋಲದೆ ದುಡಿಯುತ್ತದೆ ಅನ್ನುವುದು, ಮೈ ಎಷ್ಟು ಬಾಗುತ್ತದೆ ಅನ್ನುವುದು, ಕೊನೆಗೆ ಮೈಯಲ್ಲಿ ಕೊಬ್ಬೆಷ್ಟು ಉಳಿದದ್ದೆಷ್ಟು ಅನ್ನುವ ಲೆಕ್ಕ.

ಈ ಎರಡನ್ನೂ ಕಲಸಿಹಾಕಿದವರು ನೀವೊಬ್ಬರೇ ಅಲ್ಲ, ದೊಡ್ಡ ದೊಡ್ಡ ದೇಶಗಳೂ ಹಾಗೇ ಮಾಡಿವೆ. 1950ರ ದಶಕದಲ್ಲಿ ಕ್ರಾಸ್-ವೆಬರ್ ಅನ್ನುವ ಸರಳ ಸ್ನಾಯು ಪರೀಕ್ಷೆ ಮಾಡಿದಾಗ ಅಮೆರಿಕದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಫೇಲಾದರು, ಯುರೋಪಿನ ಮಕ್ಕಳಲ್ಲಿ ನೂರಕ್ಕೆ ಹತ್ತು ಮಂದಿಯೂ ಫೇಲಾಗಿರಲಿಲ್ಲ. ಅಲ್ಲಿ ದೊಡ್ಡ ಗದ್ದಲವೇ ಆಯಿತು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಒಂದು ಮಂಡಳಿಯನ್ನೇ ಮಾಡಿದರು. 1958ರ ಹೊತ್ತಿಗೆ ಇಡೀ ದೇಶದ ಶಾಲೆಗಳಿಗೆ ಒಂದು ಪರೀಕ್ಷೆ ಬಂತು. ಅದರಲ್ಲಿದ್ದ ಕೆಲವನ್ನು ನೋಡಿದರೆ ನಗು ಬರುತ್ತದೆ: 50 ಗಜದ ಓಟ, ನಿಂತಲ್ಲಿಂದ ಉದ್ದ ಜಿಗಿತ, ಸಾಫ್ಟ್‌ಬಾಲ್ ಎಸೆತ. ಚೆಂಡು ದೂರ ಎಸೆದರೆ ಹೃದಯ ಗಟ್ಟಿ ಅಂತ ಹೇಗೆ ಗೊತ್ತಾಗಬೇಕು? ದೂರದ ಓಟ, ಹೊಟ್ಟೆಯ ಸ್ನಾಯು, ಮೈ ಬಾಗುವಿಕೆ, ಚರ್ಮದಡಿಯ ಕೊಬ್ಬು, ಇಷ್ಟನ್ನೇ ಇಟ್ಟುಕೊಂಡ ಆರೋಗ್ಯ ಪರೀಕ್ಷೆ ಅಲ್ಲಿ ಬಂದದ್ದು 1980ರಲ್ಲಿ.

ನಿಮ್ಮ ಶಾಲೆಯಲ್ಲೇ ಗಮನಿಸಿ. ಗುಂಡು ಎಸೆತದಲ್ಲಿ ಪ್ರತಿ ಸಲ ಗೆಲ್ಲುವ ಹುಡುಗ ಎರಡು ಮಹಡಿ ಹತ್ತಿದರೆ ಏದುಸಿರು ಬಿಡುತ್ತಿರಬಹುದು. ಯಾವ ತಂಡದಲ್ಲೂ ಇಲ್ಲದ, ದಿನಾ ಸೈಕಲ್ ತುಳಿದುಕೊಂಡು ಬರುವ ಹುಡುಗಿಯ ದಮ್ಮು ಅವನದಕ್ಕಿಂತ ಎಷ್ಟೋ ಚೆನ್ನಾಗಿರಬಹುದು. ನಿಮ್ಮ ಹಳೇ ವರದಿಯಲ್ಲಿ ಆ ಹುಡುಗಿ ಕಾಣಿಸಿಯೇ ಇರುವುದಿಲ್ಲ. ಕ್ರೀಡಾಕೂಟಕ್ಕೆ ಮಕ್ಕಳನ್ನು ಆರಿಸಲು ಹಳೇ ಪಟ್ಟಿ ಇಟ್ಟುಕೊಳ್ಳಿ, ಬಿಸಾಕಬೇಕಿಲ್ಲ. ಅದಕ್ಕೆ ಆರೋಗ್ಯ ಅಂತ ಹೆಸರು ಹಚ್ಚಬೇಡಿ, ಅಷ್ಟೇ.

ಪ್ರಶ್ನೆ: ಒಂದು ಕ್ಲಾಸಲ್ಲಿ 60 ಮಕ್ಕಳು, ನಾನೊಬ್ಬಳೇ ಟೀಚರ್, ಪೀರಿಯಡ್ 40 ನಿಮಿಷ. ನನ್ನ ಹತ್ತಿರ ಇರುವುದು ಒಂದು ಸ್ಟಾಪ್‌ವಾಚು, ಒಂದು ಟೇಪು, ಒಂದು ವಿಷಲ್ಲು. ಯಾವ ಪರೀಕ್ಷೆ ಮಾಡಲಿ, ಹೇಗೆ ಮಾಡಲಿ?

ಉತ್ತರ: ಇಷ್ಟು ಸಾಕು ಟೀಚರ್. ಜೊತೆಗೆ ಒಂದು ಫೋನು, ಜೋರಾಗಿ ಕೇಳಿಸುವ ಒಂದು ಸ್ಪೀಕರ್ ಇದ್ದರೆ ಇನ್ನೇನೂ ಬೇಡ. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಆಸೆ ಮಾತ್ರ ಬಿಟ್ಟುಬಿಡಿ. ನಾಲ್ಕೈದು ಪೀರಿಯಡ್ ಹಿಡಿಯುತ್ತದೆ.

ದಮ್ಮಿನಿಂದ ಶುರು ಮಾಡೋಣ. ಐದರಲ್ಲಿ ಒಂದನ್ನೇ ಅಳೆಯಲು ಸಮಯ ಇದೆ ಅಂದರೆ ನಾನು ಕಣ್ಣು ಮುಚ್ಚಿ ಇದನ್ನೇ ಆರಿಸುತ್ತೇನೆ. 20 ಮೀಟರ್ ಶಟಲ್ ರನ್ ಮಾಡಿಸಿ. ಬೀಪ್ ಟೆಸ್ಟ್ ಅಂತಲೂ ಕರೆಯುತ್ತಾರೆ. ಕೆನಡಾದ ಲೂಕ್ ಲೆಜೆ ಮತ್ತು ಅವರ ಜೊತೆಗಾರರು 1982ರಲ್ಲಿ ಇದನ್ನು ಪ್ರಕಟಿಸಿದರು. ಈಗ ಲೋಕದ ಬಹಳಷ್ಟು ಶಾಲೆಗಳಲ್ಲಿ ಇದೇ ನಡೆಯುತ್ತಿದೆ. 20 ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆಯಿರಿ. ಅಂತರವನ್ನು ಹೆಜ್ಜೆ ಹಾಕಿ ಅಂದಾಜು ಮಾಡಬೇಡಿ, ಟೇಪು ಹಿಡಿಯಿರಿ. ಅರ್ಧ ಮೀಟರ್ ಹೆಚ್ಚುಕಮ್ಮಿಯಾದರೂ ಐವತ್ತು ಸುತ್ತು ಹೋಗಿಬರುವಾಗ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಬೀಪ್ ಬಂದಾಗ ಮಗು ಎದುರು ಗೆರೆ ಮುಟ್ಟಿರಬೇಕು. ಮೊದಲ ನಿಮಿಷದ ವೇಗ ಗಂಟೆಗೆ 8.5 ಕಿ.ಮೀ., ಅಂದರೆ ಒಂದು ಸಲ ದಾಟಲು ಸುಮಾರು ಎಂಟೂವರೆ ಸೆಕೆಂಡ್. ಅದು ಬರೀ ಕುಲುಕು ಓಟ, ಮಕ್ಕಳು ಮಾತಾಡಿಕೊಂಡು, ಒಬ್ಬರನ್ನೊಬ್ಬರು ರೇಗಿಸಿಕೊಂಡು ಓಡುತ್ತಾರೆ. ಪ್ರತಿ ನಿಮಿಷಕ್ಕೆ ವೇಗ ಅರ್ಧ ಕಿ.ಮೀ. ಏರುತ್ತದೆ. ನಾಲ್ಕನೇ ಹಂತಕ್ಕೆ ಮಾತು ನಿಲ್ಲುತ್ತದೆ, ಆಮೇಲೆ ಒಬ್ಬೊಬ್ಬರೇ ಬದಿಗೆ ಸರಿಯುತ್ತಾರೆ. ಹತ್ತನೇ ನಿಮಿಷಕ್ಕೆ ಅದೇ 20 ಮೀಟರನ್ನು ಐದೂವರೆ ಸೆಕೆಂಡಲ್ಲಿ ದಾಟಬೇಕು. ಎರಡನೇ ಸಲ ಬೀಪಿಗೆ ಮೊದಲು ಗೆರೆ ಸಿಗಲಿಲ್ಲ ಅಂದರೆ ಆ ಮಗುವಿನ ಓಟ ಮುಗಿಯಿತು. ಈ ನಿಯಮ ಎಲ್ಲರಿಗೂ ಒಂದೇ ಇರಲಿ.

ಇದರಲ್ಲಿ ನನಗೆ ಇಷ್ಟವಾಗುವುದು ಏನು ಗೊತ್ತಾ? ಮೈಲು ಓಟ ಇಟ್ಟರೆ ಮಕ್ಕಳು ಮೊದಲ ಇನ್ನೂರು ಮೀಟರ್ ಬಿದ್ದಂಬೀಳ ಓಡಿ ಆಮೇಲೆ ಸೊಂಟ ಹಿಡಿದು ನಡೆಯುತ್ತಾರೆ. ಅಲ್ಲಿ ನೀವು ಅಳೆದದ್ದು ದಮ್ಮನ್ನಲ್ಲ, ವೇಗ ಹಂಚಿಕೊಂಡು ಓಡುವ ಜಾಣ್ಮೆಯನ್ನು. ಶಟಲ್‌ನಲ್ಲಿ ವೇಗವನ್ನು ಬೀಪೇ ಹೇಳುತ್ತದೆ. ಇನ್ನೊಂದು ಸಂಗತಿ, ಮೈಲು ಓಟದಲ್ಲಿ ದಪ್ಪಗಿರುವ ಮಗು ಕೊನೆಯಲ್ಲಿ ಒಂಟಿಯಾಗಿ ಮೈದಾನ ಸುತ್ತುತ್ತಿರುತ್ತದೆ, ಎಲ್ಲರೂ ಕುಳಿತು ನೋಡುತ್ತಿರುತ್ತಾರೆ. ಶಟಲ್‌ನಲ್ಲಿ ದಮ್ಮು ಕಡಿಮೆ ಇರುವವರು ಮೊದಲು ನಿಲ್ಲುತ್ತಾರೆ. ಕೊನೆಗೆ ಎಲ್ಲರ ಕಣ್ಣೂ ಚೆನ್ನಾಗಿ ಓಡುವವರ ಮೇಲೇ ಇರುತ್ತದೆ.

60 ಮಂದಿಯನ್ನು ಜೋಡಿ ಮಾಡಿ. ಒಬ್ಬರು ಓಡುವಾಗ ಜೋಡಿಯವರು ಚೀಟಿ ಹಿಡಿದು ಸುತ್ತು ಎಣಿಸಲಿ. ತಲಾ ಒಂದು ಮೀಟರ್ ಅಗಲ ಕೊಟ್ಟರೆ 20 ಮಂದಿ ಒಟ್ಟಿಗೆ ಓಡಬಹುದು, ಮೂರು ತಂಡದಲ್ಲಿ ಮುಗಿಯುತ್ತದೆ. ಎರಡು ಪೀರಿಯಡ್ ಇಟ್ಟುಕೊಳ್ಳಿ, ಮೈ ಬಿಸಿ ಮಾಡಿಕೊಳ್ಳಲು, ಆಮೇಲೆ ತಣ್ಣಗಾಗಲು ಹೊತ್ತು ಬೇಕು. ನಿಜವಾದ ಪರೀಕ್ಷೆಗೆ ಒಂದು ವಾರ ಮೊದಲು ಮೂರ್ನಾಲ್ಕು ಹಂತದವರೆಗೆ ಒಮ್ಮೆ ಸುಮ್ನೆ ಓಡಿಸಿ ನೋಡಿ. ಹಾಗೆ ಮಾಡದಿದ್ದರೆ ಮೊದಲ ಸಲದ ಅಂಕಿಯಲ್ಲಿ ಅರ್ಧ ಗೊಂದಲವೇ ಇರುತ್ತದೆ. ಮೈದಾನವೇ ಇಲ್ಲ ಅನ್ನುವವರು 12 ಇಂಚಿನ ಮೆಟ್ಟಿಲು ಹತ್ತಿಳಿಯುವ ಪರೀಕ್ಷೆ ಮಾಡಿಸಬಹುದು: ನಿಮಿಷಕ್ಕೆ 24 ಸಲದಂತೆ ಮೂರು ನಿಮಿಷ, ಕೂಡಲೇ ಕೂತು ಪೂರ್ತಿ ಒಂದು ನಿಮಿಷ ನಾಡಿ ಎಣಿಸುವುದು. ನಾಡಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಆದರೆ ಮಕ್ಕಳು ತಮ್ಮ ನಾಡಿಯನ್ನು ತಾವೇ ಎಣಿಸಿದರೆ ಲೆಕ್ಕ ಎಲ್ಲೆಲ್ಲಿಗೋ ಹೋಗುತ್ತದೆ, ಮೊದಲು ಅದನ್ನು ಕಲಿಸಬೇಕು.

ಸ್ನಾಯುವಿಗೆ ಪುಷ್‌ಅಪ್ ಮತ್ತು ಅರ್ಧ ಏಳುವ ಕರ್ಲ್‌ಅಪ್ ಸಾಕು. ಎರಡೂ ತಾಳಕ್ಕೆ ಸರಿಯಾಗಿ ನಡೆಯಲಿ, ಮೂರು ಸೆಕೆಂಡಿಗೆ ಒಂದು. ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಮಾಡಿ ಅಂದರೆ ಮಕ್ಕಳು ಮೈ ಕುಲುಕಿಸಿ ಲೆಕ್ಕ ಏರಿಸುತ್ತಾರೆ. ಪುಷ್‌ಅಪ್‌ನಲ್ಲಿ ಮೊಣಕೈ 90 ಡಿಗ್ರಿ ಬಾಗಬೇಕು, ಬೆನ್ನು ನೇರ ಇರಬೇಕು. ಕರ್ಲ್‌ಅಪ್‌ನಲ್ಲಿ ಮಂಡಿ ಮಡಚಿ ಮಲಗಿ, ನೆಲದ ಮೇಲೆ ಬೆರಳು ಸುಮಾರು 11 ಸೆಂ.ಮೀ. ಮುಂದೆ ಜಾರುವಷ್ಟು ಮಾತ್ರ ಏಳಬೇಕು. ಹಿಂದೆಲ್ಲ ಒಬ್ಬರು ಪಾದ ಅದುಮಿ ಹಿಡಿದು ಇನ್ನೊಬ್ಬರು ಪೂರ್ತಿ ಎದ್ದು ಕೂರುತ್ತಿದ್ದರು. ಅದರಲ್ಲಿ ಹೊಟ್ಟೆಗಿಂತ ತೊಡೆಯ ಬುಡದ ಸ್ನಾಯುವೇ ಜಾಸ್ತಿ ಕೆಲಸ ಮಾಡುತ್ತದೆ, ಸೊಂಟಕ್ಕೂ ಭಾರ ಬೀಳುತ್ತದೆ. ಬಿಟ್ಟುಬಿಡಿ. ಕ್ರಮ ಎರಡನೇ ಸಲ ತಪ್ಪಿದರೆ ಅಲ್ಲಿಗೆ ನಿಲ್ಲಿಸಿ.

ಮೈ ಬಾಗುವಿಕೆಗೆ 'ಸಿಟ್ ಅಂಡ್ ರೀಚ್'. ಸುಮಾರು 30 ಸೆಂ.ಮೀ. ಎತ್ತರದ ಗಟ್ಟಿ ಡಬ್ಬಕ್ಕೆ ಪಾದ ಒತ್ತಿ ಕೂತು ನಿಧಾನಕ್ಕೆ ಮುಂದೆ ಬಾಗುವುದು, ಮೇಲೆ ಒಂದು ಸ್ಕೇಲು ಅಂಟಿಸಿರಬೇಕು. ಶೂ ಬಿಚ್ಚಿಸಿ. ಜಗ್ಗಿ ಜಗ್ಗಿ ಮುಟ್ಟಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಒಂದು ಕ್ಷಣ ಅಲ್ಲೇ ನಿಲ್ಲಬೇಕು. ಒಂದೊಂದೇ ಕಾಲು ಚಾಚಿ ಮಾಡುವ ರೀತಿಯೂ ಇದೆ, ಅದು ಬೆನ್ನಿಗೆ ಹಗುರ.

ಎತ್ತರ ತೂಕದ ಬಗ್ಗೆ ಮುಂದಿನ ಪತ್ರದಲ್ಲಿ ಹೇಳುತ್ತೇನೆ. ಅದು ಸೂಕ್ಷ್ಮ ವಿಷಯ.

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. 151 ಸೆಂ.ಮೀ. ಎತ್ತರ, 40 ಕೆ.ಜಿ. ತೂಕ. ಶಾಲೆಯ ಫಿಟ್‌ನೆಸ್ ಕಾರ್ಡಿನಲ್ಲಿ 'ಬಿಎಂಐ 17.5, ಕಡಿಮೆ ತೂಕ' ಅಂತ ಕೆಂಪು ಇಂಕಿನಲ್ಲಿ ಬರೆದಿದ್ದಾರೆ. ಕ್ಲಾಸಿನಲ್ಲಿ ಎಲ್ಲರ ಎದುರಿಗೆ ಓದಿಯೂ ಹೇಳಿದರಂತೆ. ಮನೆಗೆ ಬಂದು ಅತ್ತಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾ?

ಉತ್ತರ: ಬೇಡಮ್ಮ. ಈ ಅಂಕಿಗಾಗಿಯಂತೂ ಖಂಡಿತ ಬೇಡ. ನಿಮ್ಮ ಮಗಳ ಲೆಕ್ಕ ಸರಿಯಾಗಿಯೇ ಇದೆ, ಅದನ್ನು ನೋಡಿದ ಪಟ್ಟಿ ತಪ್ಪು. ಬಿಎಂಐ ಅಂದರೆ ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. 18.5ಕ್ಕಿಂತ ಕಡಿಮೆ ಇದ್ದರೆ ಕಡಿಮೆ ತೂಕ, 25 ದಾಟಿದರೆ ಜಾಸ್ತಿ ತೂಕ, ಈ ಗೆರೆಗಳು ದೊಡ್ಡವರಿಗೆ. ಬೆಳೆಯುವ ಮಕ್ಕಳಿಗೆ ಹಾಗೆ ಒಂದೇ ಗೆರೆ ಇಲ್ಲ. ವಯಸ್ಸು ಮತ್ತು ಹೆಣ್ಣೋ ಗಂಡೋ ನೋಡಿ ಪಟ್ಟಿಯಲ್ಲಿ ಹುಡುಕಬೇಕು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗೆ ಅಂತಲೇ ಪಟ್ಟಿ ಕೊಟ್ಟಿದೆ. ಅದರ ಪ್ರಕಾರ 13ರ ಹುಡುಗಿಯ ನಡು ಬಿಎಂಐ 19ಕ್ಕೆ ಸ್ವಲ್ಪ ಕಡಿಮೆ. ತೀರಾ ತೆಳು ಅನ್ನಬೇಕಾದರೆ ಸುಮಾರು 15ಕ್ಕಿಂತ ಕೆಳಗಿರಬೇಕು. 17.5 ಅಂದರೆ ನಿಮ್ಮ ಮಗು ಮಾಮೂಲಿ ಮಟ್ಟದಲ್ಲೇ ಇದೆ.

ಇದೇ ತಪ್ಪು ತಿರುಗಿಯೂ ಬೀಳುತ್ತದೆ, ಅದು ಇನ್ನೂ ಕೆಟ್ಟದ್ದು. 13ರ ಹುಡುಗಿಯ ಬಿಎಂಐ 23 ಇದ್ದರೆ ದೊಡ್ಡವರ ಪಟ್ಟಿಯಲ್ಲಿ 'ಎಲ್ಲ ಸರಿ' ಅಂತ ಬರುತ್ತದೆ. ಅವಳ ವಯಸ್ಸಿಗೆ ಜಾಸ್ತಿ ತೂಕದ ಗೆರೆ ಸುಮಾರು 22ರ ಹತ್ತಿರ. ಅಂದರೆ ಗಮನ ಕೊಡಬೇಕಾದ ಮಗುವನ್ನು ಸುಮ್ನೆ ಬಿಟ್ಟುಬಿಟ್ಟ ಹಾಗಾಯಿತು. 16ಕ್ಕೆ ಬಂದಾಗ ಆ ಗೆರೆ 24ರ ಆಸುಪಾಸಿಗೆ ಏರುತ್ತದೆ. ಹೀಗೆ ವರ್ಷಕ್ಕೊಂದು ಗೆರೆ. ಫೋನಿನ ಆ್ಯಪ್‌ಗಳಲ್ಲೂ ವಯಸ್ಸು ಕೇಳದೆ ಉತ್ತರ ಕೊಡುವಂಥವು ಇವೆ, ಅವನ್ನು ಮಕ್ಕಳಿಗೆ ಬಳಸಬೇಡಿ.

ಬಿಎಂಐಗೆ ಇನ್ನೊಂದು ಮಿತಿ ಇದೆ. ಅದಕ್ಕೆ ಕೊಬ್ಬು ಯಾವುದು ಸ್ನಾಯು ಯಾವುದು ಗೊತ್ತಾಗುವುದಿಲ್ಲ. ಕುಸ್ತಿ ಆಡುವ ಹುಡುಗನಿಗೂ ಸೋಫಾ ಬಿಡದ ಹುಡುಗನಿಗೂ ಒಂದೇ ಅಂಕಿ ಬರಬಹುದು. ಹಾಗಾಗಿ ಸೊಂಟದ ಸುತ್ತಳತೆಯನ್ನೂ ನೋಡುವುದು ಒಳ್ಳೆಯದು. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನುವುದು ನೆನಪಿಡಲು ಸುಲಭ. ಚರ್ಮ ಚಿವುಟಿ ಹಿಡಿದು ಕ್ಯಾಲಿಪರ್‌ನಿಂದ ಅಳೆಯುವ ವಿಧಾನವೂ ಇದೆ, ಅದಕ್ಕೆ ಪಳಗಿದ ಕೈ ಬೇಕು. ಶಾಲೆಯಲ್ಲಿ ಅದು ಬೇಡ ಅನ್ನುವುದೇ ನನ್ನ ಅಭಿಪ್ರಾಯ.

ಎಲ್ಲರ ಎದುರಿಗೆ ಓದಿದ್ದಕ್ಕೆ ಮಾತ್ರ ಶಾಲೆಗೆ ಹೋಗಿ ಕೇಳಿ. ಜಗಳ ಬೇಡ, ಆದರೆ ಕೇಳದೆ ಬಿಡಬೇಡಿ. ತೂಕವನ್ನು ಪರದೆಯ ಹಿಂದೆ, ಒಬ್ಬೊಬ್ಬರನ್ನೇ ಕರೆದು, ಹುಡುಗಿಯರಿಗೆ ಟೀಚರೇ ನಿಂತು ನೋಡಬೇಕು. ಅಂಕಿಯನ್ನು ಕೂಗಿ ಹೇಳಿ ಇನ್ನೊಂದು ಮಗುವಿನ ಕೈಯಲ್ಲಿ ಬರೆಸುವುದಂತೂ ಕೂಡದು. ಈ ವಯಸ್ಸಿನಲ್ಲಿ ತೂಕದ ಬಗ್ಗೆ ಕೇಳಿದ ಒಂದು ಮಾತಿಗೇ ಊಟ ಬಿಡುವ ಮಕ್ಕಳಿದ್ದಾರೆ. ಮಗಳು ಸರಿಯಾಗಿ ಉಣ್ಣುತ್ತಿಲ್ಲ, ದಿನಾ ಕನ್ನಡಿ ನೋಡಿ ಕೊರಗುತ್ತಾಳೆ ಅಂತ ಕಂಡರೆ ಆಗ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ವಾಲಿಬಾಲ್ ಚೆನ್ನಾಗಿಯೇ ಆಡುತ್ತೇನೆ. ಆದರೆ ಫಿಟ್‌ನೆಸ್ ಟೆಸ್ಟಲ್ಲಿ ಒಂದು ಪುಷ್‌ಅಪ್ ಕೂಡ ಆಗಲಿಲ್ಲ. ಸೊನ್ನೆ ಬರೆದುಕೊಂಡರು. ಫ್ರೆಂಡ್ಸ್ ಎಲ್ಲ ನಗುತ್ತಾರೆ. ಜಿಮ್‌ಗೆ ಹೋದರೆ ಎತ್ತರ ಬೆಳೆಯಲ್ಲ ಅಂತ ಮನೆಯಲ್ಲಿ ಬಿಡುತ್ತಿಲ್ಲ.

ಉತ್ತರ: ತಮ್ಮಾ, ಸೊನ್ನೆ ಬಂದವನು ನೀನೊಬ್ಬನೇ ಅಲ್ಲ. ಪ್ರತಿ ಕ್ಲಾಸಲ್ಲೂ ಇರುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಇದು ಆ ಪರೀಕ್ಷೆಯ ಕೊರತೆಯೂ ಹೌದು. ಸ್ವಂತ ಮೈ ಭಾರವನ್ನೇ ಎತ್ತಬೇಕಾದ್ದರಿಂದ ತೂಕ ಸ್ವಲ್ಪ ಜಾಸ್ತಿ ಇರುವವರಿಗೆ, ಕೈ ಉದ್ದ ಇರುವವರಿಗೆ ಅದು ಕಷ್ಟ. ಕೈಮುಷ್ಟಿಯ ಬಲ ಅಳೆಯುವ ಡೈನಮೋಮೀಟರ್ ಕೊಟ್ಟು ನೋಡಿದ್ದರೆ ನಿನ್ನ ಅಂಕಿ ನಗುವವರಿಗಿಂತ ಮೇಲಿದ್ದರೂ ಇರಬಹುದು.

ಈಗ ಮಾಡಬೇಕಾದದ್ದು ಇಷ್ಟು. ನೆಲದಿಂದ ಶುರು ಮಾಡಬೇಡ. ಗೋಡೆಗೆ ಕೈ ಊರಿ ಮಾಡು. ಅದು ಒಂದೇ ಬಾರಿಗೆ 15 ಆರಾಮಾಗಿ ಬಂತು ಅಂದರೆ ಅಲುಗಾಡದ ಮೇಜಿನ ಅಂಚಿಗೆ ಬಾ, ಆಮೇಲೆ ಗಟ್ಟಿ ಬೆಂಚಿಗೆ. ಕೈ ಇಡುವ ಜಾಗ ಕೆಳಗೆ ಬಂದಷ್ಟೂ ಭಾರ ಏರುತ್ತದೆ. ಜೊತೆಗೆ ನೆಲದ ಮೇಲೆ ಒಂದು ಕೆಲಸ ಮಾಡು: ಕೈ ನೇರ ಇಟ್ಟು, ನಾಲ್ಕೈದು ಸೆಕೆಂಡು ತೆಗೆದುಕೊಂಡು ಬರೀ ಕೆಳಗೆ ಇಳಿ. ಮೇಲೆ ಏಳಲು ಮಂಡಿ ಊರಿಕೋ, ಪರವಾಗಿಲ್ಲ. ಇಳಿಯುವಾಗ ಸ್ನಾಯು ಹೊರಬಲ್ಲ ಭಾರ ಏಳುವಾಗಿನದಕ್ಕಿಂತ ಜಾಸ್ತಿ, ಹಾಗಾಗಿ ಇಳಿಯುವುದನ್ನು ಕಲಿತವನಿಗೆ ಏಳುವುದು ತಾನಾಗಿ ಬರುತ್ತದೆ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಕೊಡು. ಮೊದಮೊದಲು ತೋಳು ದಪ್ಪ ಆಗಲಿಲ್ಲ ಅಂತ ಬೇಜಾರಾಗಬೇಡ. ಶುರುವಿನಲ್ಲಿ ಏರುವ ಬಲ ಹೆಚ್ಚಾಗಿ ನರಗಳು ಸ್ನಾಯುವನ್ನು ಚೆನ್ನಾಗಿ ದುಡಿಸಲು ಕಲಿಯುವುದರಿಂದ ಬರುತ್ತದೆ.

ಎತ್ತರದ ವಿಷಯ ಮನೆಯವರಿಗೆ ಹೀಗೆ ಹೇಳು: ಸರಿಯಾದ ಕ್ರಮದಲ್ಲಿ, ತಿಳಿದವರು ನೋಡುತ್ತಿರುವಾಗ ಮಾಡಿದರೆ ಸ್ನಾಯು ವ್ಯಾಯಾಮದಿಂದ ಬೆಳವಣಿಗೆ ನಿಲ್ಲುವುದಿಲ್ಲ. ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಗಟ್ಟಿ ಮಾಡುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ನಿನ್ನ ವಯಸ್ಸಿನವರಿಗೆ ಹೇಳಿದೆ. ಪೈಪೋಟಿಗೆ ಬಿದ್ದು ಎತ್ತಲಾಗದ ಭಾರ ಎತ್ತಿದರೆ ಪೆಟ್ಟಾಗುತ್ತದೆ, ಅದು ಬೇರೆ ಮಾತು. ಪುಷ್‌ಅಪ್‌ಗೆ ಜಿಮ್ ಯಾಕೆ ಬೇಕು ಹೇಳು?

ಪ್ರಶ್ನೆ: ಹೋದ ವರ್ಷ ಕೂತು ಬಾಗಿದರೆ ಕಾಲ್ಬೆರಳು ದಾಟಿ ಕೈ ಹೋಗುತ್ತಿತ್ತು. ಈ ವರ್ಷ ಎತ್ತರ ಆಗಿದ್ದೇನೆ, ಬೆರಳು ಮುಟ್ಟುವುದೇ ಇಲ್ಲ. ನನ್ನ ಫಿಟ್‌ನೆಸ್ ಕಡಿಮೆಯಾಯಿತಾ? (ವಿದ್ಯಾರ್ಥಿ, 14 ವರ್ಷ)

ಉತ್ತರ: ಉತ್ತರ ನಿನ್ನ ಪ್ರಶ್ನೆಯಲ್ಲೇ ಇದೆ, ಎತ್ತರ ಆಗಿದ್ದೀಯ. ಹುಡುಗಿಯರು ಹೆಚ್ಚುಕಮ್ಮಿ 12ರಲ್ಲಿ, ಹುಡುಗರು 14ರಲ್ಲಿ ದಿಢೀರಂತ ಉದ್ದ ಬೆಳೆಯುತ್ತಾರೆ. ಕಾಲು ಮೊದಲು ಬೆಳೆಯುತ್ತದೆ, ಬೆನ್ನು ಆಮೇಲೆ. ಕಾಲು ಉದ್ದವಾಗಿ ಮುಂಡ ಹಾಗೇ ಇದ್ದರೆ ಬೆರಳು ದೂರ ಆಗದೆ ಇನ್ನೇನು? ತೊಡೆಯ ಹಿಂಬದಿ ಬಿಗಿಯಾಗಿದೆ ಅನ್ನಿಸಿದರೆ ಆಟ ಮುಗಿದ ಮೇಲೆ ಮೈ ಬಿಸಿ ಇರುವಾಗಲೇ ಒಂದೊಂದು ಕಾಲನ್ನೂ ಅರ್ಧ ನಿಮಿಷ ಮೆತ್ತಗೆ ಎಳೆದು ಹಿಡಿ. ಆದರೆ ಮಂಡಿಯ ಕೆಳಗೆ ಮೂಳೆ ಉಬ್ಬಿ, ಮುಟ್ಟಿದರೆ ನೋಯುತ್ತಿದ್ದರೆ ಜಿಗಿತ ಓಟ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸು. ಈ ವಯಸ್ಸಿನ ಆಟಗಾರರಲ್ಲಿ ಅದು ಮಾಮೂಲಿ.

ಪ್ರಶ್ನೆ: ನಾನು ಮುಖ್ಯ ಶಿಕ್ಷಕ. ಫಿಟ್‌ನೆಸ್ ಪರೀಕ್ಷೆಗೆ 50 ಅಂಕ ಇಟ್ಟು, ರ‍್ಯಾಂಕ್ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿದರೆ ಮಕ್ಕಳಲ್ಲಿ ಸ್ಪರ್ಧೆ ಹುಟ್ಟಿ ಎಲ್ಲರೂ ವ್ಯಾಯಾಮ ಮಾಡುತ್ತಾರೆ ಅಂತ ನನ್ನ ಯೋಚನೆ. ಸರಿಯಾ ಸಾರ್?

ಉತ್ತರ: ಉದ್ದೇಶ ಒಳ್ಳೆಯದೇ ಸಾರ್, ದಾರಿ ಸರಿಯಿಲ್ಲ. ಒಂದೇ ಬೆಂಚಿನ ಇಬ್ಬರು 13 ವರ್ಷದ ಹುಡುಗರನ್ನು ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ದನಿ ಒಡೆದಿರುತ್ತದೆ, ಇನ್ನೊಬ್ಬ ಇನ್ನೂ ಐದನೇ ಕ್ಲಾಸಿನವನ ಥರ ಇರುತ್ತಾನೆ. ಮೊದಲನೆಯವನು ಜಾಸ್ತಿ ಪುಷ್‌ಅಪ್ ಹೊಡೆದ ಅಂದರೆ ನೀವು 50ಕ್ಕೆ 45 ಕೊಟ್ಟದ್ದು ಅವನ ಶ್ರಮಕ್ಕೋ, ಅವನ ಹಾರ್ಮೋನಿಗೋ? ದಮ್ಮಿನಲ್ಲೂ ಹುಟ್ಟಿನಿಂದ ಬಂದ ಪಾಲು ದೊಡ್ಡದಿದೆ. ಗಣಿತದಲ್ಲಿ ಓದಿದ್ದಕ್ಕೆ ಅಂಕ ಕೊಡುತ್ತೀರಿ. ಇಲ್ಲಿ ಅಪ್ಪ ಅಮ್ಮನಿಂದ ಬಂದದ್ದಕ್ಕೆ ಕೊಟ್ಟ ಹಾಗಾಗುತ್ತದೆ.

ಸ್ಪರ್ಧೆ ಹುಟ್ಟುತ್ತದೆ ಅಂದಿರಿ. ಯಾರಲ್ಲಿ? ಮೊದಲ ಹತ್ತರಲ್ಲಿ ಇರುವವರಲ್ಲಿ. ಅವರು ಹೇಗೂ ಆಡುತ್ತಲೇ ಇರುತ್ತಾರೆ. ಈ ಪರೀಕ್ಷೆ ಬೇಕಾಗಿರುವುದೇ ಕೊನೆಯ ಇಪ್ಪತ್ತು ಮಂದಿಗೆ, ಬೋರ್ಡಿನಲ್ಲಿ ತಮ್ಮ ಹೆಸರು ಕೆಳಗೆ ಕಂಡ ಮೇಲೆ ಅವರು ಮುಂದಿನ ಸಲ ಹೊಟ್ಟೆನೋವು ಅಂತ ಚೀಟಿ ತರುತ್ತಾರೆ. ಅಮೆರಿಕದಲ್ಲಿ 1966ರಿಂದ ನೂರರಲ್ಲಿ ಮೇಲಿನ ಹದಿನೈದು ಮಂದಿಯ ಮಟ್ಟ ಮುಟ್ಟಿದವರಿಗೆ ಮಾತ್ರ ಅಧ್ಯಕ್ಷರ ಪ್ರಶಸ್ತಿ ಕೊಡುತ್ತಿದ್ದರು. 2012ರ ಹೊತ್ತಿಗೆ ಅದನ್ನು ಬಿಟ್ಟು ಬೇರೆ ಕ್ರಮಕ್ಕೆ ಹೋದರು. ಆ ಕ್ರಮದ ಹೆಸರು ಫಿಟ್‌ನೆಸ್‌ಗ್ರಾಮ್, ಕೂಪರ್ ಇನ್‌ಸ್ಟಿಟ್ಯೂಟಿನದು. ಅದರಲ್ಲಿ ಪಕ್ಕದವನ ಜೊತೆ ಹೋಲಿಕೆಯೇ ಇಲ್ಲ. ಈ ವಯಸ್ಸಿನ ಮಗುವಿನ ಆರೋಗ್ಯಕ್ಕೆ ಇಷ್ಟು ಸಾಕು ಅನ್ನುವ ಒಂದು ಮಟ್ಟ ಇರುತ್ತದೆ. ಅದನ್ನು ಕ್ಲಾಸಿನ ಎಲ್ಲರೂ ಮುಟ್ಟಬಹುದು, ಯಾರೂ ಮುಟ್ಟದೆಯೂ ಇರಬಹುದು.

ಅಂಕ ಕೊಡಲೇಬೇಕು ಅಂತಿದ್ದರೆ ಬೇರೆಯದಕ್ಕೆ ಕೊಡಿ. ಪರೀಕ್ಷೆಯ ಕ್ರಮ ಗೊತ್ತಾ, ತನ್ನ ಅಂಕಿಯನ್ನು ತಾನೇ ಓದಿ ಅರ್ಥ ಮಾಡಿಕೊಳ್ಳುತ್ತಾನಾ, ಮೂರು ತಿಂಗಳಿಗೆ ತನಗೊಂದು ಗುರಿ ಹಾಕಿಕೊಂಡು ಡೈರಿ ಬರೆದನಾ ಅಂತ ನೋಡಿ. ನೋಟಿಸ್ ಬೋರ್ಡಿಗೆ ಹೆಸರಿಲ್ಲದ ಲೆಕ್ಕ ಹಾಕಿ: ಒಂಬತ್ತನೇ ಕ್ಲಾಸಿನಲ್ಲಿ ದಮ್ಮು ಸಾಲದವರು ನೂರಕ್ಕೆ ಇಷ್ಟು. ಆ ಅಂಕಿ ನೋಡಿ ತಲೆ ಕೆಡಿಸಿಕೊಳ್ಳಬೇಕಾದವರು ಮಕ್ಕಳಲ್ಲ ಸಾರ್, ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟ ನಾವು.

ಪ್ರಶ್ನೆ: ಮಗನಿಗೆ ಅಸ್ತಮಾ ಇದೆ, ಇನ್‌ಹೇಲರ್ ಬಳಸುತ್ತಾನೆ. ಓಟದ ಪರೀಕ್ಷೆಯಿಂದ ವಿನಾಯಿತಿ ಕೇಳೋಣವಾ?

ಉತ್ತರ: ಕಾಯಂ ವಿನಾಯಿತಿ ಕೇಳಬೇಡಿ. ಅಸ್ತಮಾ ಹತೋಟಿಯಲ್ಲಿದ್ದರೆ ಓಡಬಹುದು, ಓಡಿದರೆ ಒಳ್ಳೆಯದೇ. ಅವನ ಡಾಕ್ಟರನ್ನು ಒಮ್ಮೆ ಕೇಳಿ. ಓಟಕ್ಕೆ ಸುಮಾರು ಕಾಲು ಗಂಟೆ ಮೊದಲು ಇನ್‌ಹೇಲರ್ ಎಳೆದುಕೊಳ್ಳಲು ಹೇಳಿದರೆ ಹಾಗೇ ಮಾಡಲಿ. ಮೈ ಬಿಸಿ ಮಾಡಿಕೊಳ್ಳಲು ಹತ್ತು ನಿಮಿಷ ಬೇಕು. ಇನ್‌ಹೇಲರ್ ಬ್ಯಾಗಿನಲ್ಲಿ, ಬ್ಯಾಗು ಕ್ಲಾಸ್‌ರೂಮಿನಲ್ಲಿ ಅಂತಾಗಬಾರದು, ಮೈದಾನದಲ್ಲೇ ಕೈಗೆ ಸಿಗುವಂತಿರಬೇಕು. ಮೇಷ್ಟ್ರಿಗೆ ಒಂದು ಮಾತು: ಎದೆ ಬಿಗಿಯುವುದು ಹೆಚ್ಚಾಗಿ ಓಡುವಾಗ ಅಲ್ಲ, ಓಟ ನಿಂತ ಐದು ಹತ್ತು ನಿಮಿಷದ ಮೇಲೆ. ಓಟ ಮುಗಿಯಿತು ಅಂತ ಮಗುವನ್ನು ಒಬ್ಬನೇ ಕಳಿಸಬೇಡಿ. ಶೀತ, ಕೆಮ್ಮು ಇರುವ ವಾರ ಪರೀಕ್ಷೆ ಮುಂದೆ ಹಾಕಿ.

ಬೇರೆ ಮಕ್ಕಳ ವಿಷಯದಲ್ಲೂ ಮೊದಲೇ ಮನೆಗೊಂದು ಚೀಟಿ ಕಳಿಸಿ ಮೂರು ಪ್ರಶ್ನೆ ಕೇಳಲೇಬೇಕು. ಓಡುವಾಗ ಎಂದಾದರೂ ಪ್ರಜ್ಞೆ ತಪ್ಪಿದ್ದುಂಟಾ, ಎದೆ ನೋವು ಬಂದದ್ದುಂಟಾ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ದಿಢೀರನೆ ಹೃದಯದಿಂದ ತೀರಿಕೊಂಡವರು ಇದ್ದಾರಾ. ಒಂದಕ್ಕೆ ಹೌದು ಅಂದರೂ ಡಾಕ್ಟರು ನೋಡುವ ತನಕ ಓಟ ಬೇಡ. ಜ್ವರ ಇರುವವರಿಗೆ, ಜ್ವರ ಬಿಟ್ಟು ಇನ್ನೂ ಸುಸ್ತಾಗಿರುವವರಿಗೂ ಬೇಡ. ಸುಡು ಬಿಸಿಲಿನಲ್ಲಿ ಯಾರಿಗೂ ಬೇಡ.

ಪ್ರಶ್ನೆ: ಮುಟ್ಟಿನ ದಿನ ಟೆಸ್ಟ್ ಬಂದರೆ ಓಡಬಹುದಾ? (ಹತ್ತನೇ ಕ್ಲಾಸ್ ವಿದ್ಯಾರ್ಥಿನಿ)

ಉತ್ತರ: ಓಡಬಹುದಮ್ಮ, ಅಪಾಯ ಇಲ್ಲ. ನೋವು, ಸುಸ್ತು ಇದ್ದರೆ ಇನ್ನೊಂದು ದಿನ ಮಾಡುತ್ತೇನೆ ಅಂತ ಟೀಚರಿಗೆ ಹೇಳು. ಕಾರಣ ಬಿಡಿಸಿ ಹೇಳಬೇಕಿಲ್ಲ, ಅವರೂ ಕೆದಕಬಾರದು. ಪ್ರತಿ ತಿಂಗಳೂ ತುಂಬ ಹೋಗುತ್ತಿದ್ದು ಸ್ವಲ್ಪ ಓಡಿದರೂ ತಲೆ ಸುತ್ತುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ದಮ್ಮು ಏರುವುದಿಲ್ಲ.

ಪ್ರಶ್ನೆ: ಮಗಳ ಕೈಯಲ್ಲಿ ಸ್ಮಾರ್ಟ್‌ವಾಚ್ ಇದೆ, ದಿನಕ್ಕೆ ಎಷ್ಟು ಹೆಜ್ಜೆ ಅಂತ ತೋರಿಸುತ್ತದೆ. ಅಷ್ಟು ಸಾಲದಾ?

ಉತ್ತರ: ಅದು ಹೇಳುವುದು ಎಷ್ಟು ಓಡಾಡಿದಳು ಅಂತ, ಎಷ್ಟು ಫಿಟ್ ಅಂತ ಅಲ್ಲ. ಎರಡೂ ಬೇರೆ. ಓಡಾಟದ ಲೆಕ್ಕಕ್ಕೆ ಇರಲಿ ಬಿಡಿ.

ಪ್ರಶ್ನೆ: ಪರೀಕ್ಷೆ ಎಲ್ಲ ಮುಗಿಸಿ ಕಾರ್ಡು ತುಂಬಿಸಿ ಬೀರುವಿನಲ್ಲಿ ಇಟ್ಟಿದ್ದೇವೆ. ಮುಂದೇನು? ವರ್ಷಕ್ಕೆ ಎಷ್ಟು ಸಲ ಮಾಡಬೇಕು? (ದೈಹಿಕ ಶಿಕ್ಷಕಿ)

ಉತ್ತರ: ಬೀರುವಿನಿಂದ ಮೊದಲು ಹೊರಗೆ ತೆಗೆಯಿರಿ! ವರ್ಷಕ್ಕೆ ಎರಡು ಸಲ ಸಾಕು, ಶಾಲೆ ಶುರುವಾಗಿ ಒಂದು ತಿಂಗಳಿಗೆ ಒಮ್ಮೆ, ವರ್ಷ ಮುಗಿಯುವ ಮೊದಲು ಒಮ್ಮೆ. ಎರಡು ಸಲವೂ ಅದೇ ಮೈದಾನ, ದಿನದ ಅದೇ ಹೊತ್ತು, ಅದೇ ಕ್ರಮ ಇರಲಿ. ಒಮ್ಮೆ ಸಿಮೆಂಟ್ ನೆಲದಲ್ಲಿ ಶೂ ಹಾಕಿ, ಇನ್ನೊಮ್ಮೆ ಮರಳಿನಲ್ಲಿ ಬರಿಗಾಲಲ್ಲಿ ಓಡಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಎರಡು ಮೂರು ಸುತ್ತಿನ ವ್ಯತ್ಯಾಸವನ್ನು ದೊಡ್ಡದು ಮಾಡಬೇಡಿ, ಅಷ್ಟು ಹಿಂದೆ ಮುಂದೆ ಆಗುವುದು ಮಾಮೂಲಿ.

ನಡುವಿನ ತಿಂಗಳುಗಳಲ್ಲಿ ನಿಮ್ಮ ಪೀರಿಯಡ್ಡನ್ನೇ ಒಮ್ಮೆ ಅಳೆದು ನೋಡಿ. ಒಂದು ಮಗುವನ್ನು ಆರಿಸಿಕೊಂಡು, ಅದಕ್ಕೆ ಗೊತ್ತಾಗದಂತೆ, 40 ನಿಮಿಷದಲ್ಲಿ ಅದು ನಿಜವಾಗಿ ಮೈ ಆಡಿಸಿದ್ದು ಎಷ್ಟು ಹೊತ್ತು ಅಂತ ಸ್ಟಾಪ್‌ವಾಚ್ ಹಿಡಿಯಿರಿ. ಸಾಲು ನಿಲ್ಲಿಸುವುದು, ಹಾಜರಿ, ತನ್ನ ಸರದಿಗೆ ಕಾಯುವುದು ಎಲ್ಲ ಕಳೆದರೆ ಉಳಿಯುವುದು ಕೆಲವೇ ನಿಮಿಷ. ಈ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅದರ ಲೆಕ್ಕದ ಪ್ರಕಾರ 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿಗೆ ಅಷ್ಟು ಆಗುತ್ತಿಲ್ಲ. ಹುಡುಗಿಯರಲ್ಲಿ 85, ಹುಡುಗರಲ್ಲಿ 78. ಹಾಗಾಗಿ ಹನ್ನೊಂದು ಮಂದಿಯ ಎರಡು ತಂಡ ಆಡಿ ಉಳಿದವರು ಕೂತು ನೋಡುವ ಬದಲು ನಾಲ್ಕು ನಾಲ್ಕು ಮಂದಿಯ ಚಿಕ್ಕ ತಂಡ ಮಾಡಿ, ಮೈದಾನ ಹಂಚಿ, ಎಲ್ಲರನ್ನೂ ಒಟ್ಟಿಗೆ ಆಡಿಸಿ. ಔಟಾದವರು ಹೊರಗೆ ಕೂರುವ ಆಟಗಳನ್ನು ಕಡಿಮೆ ಮಾಡಿ, ಮೊದಲು ಔಟಾಗುವುದು ಯಾವಾಗಲೂ ಓಡಬೇಕಾದ ಮಗುವೇ.

ಕಾರ್ಡನ್ನು ಮಗುವಿಗೇ ಕೊಡಿ, ಮಡಚಿ ಕೊಡಿ. ಅದರಲ್ಲಿ ಹೋದ ಸಲದ ಅಂಕಿ, ಈ ಸಲದ ಅಂಕಿ, ಕೆಳಗೆ ಒಂದು ಖಾಲಿ ಸಾಲು ಇರಲಿ. ಮುಂದಿನ ಸಲ ಎಷ್ಟು ಅನ್ನುವುದನ್ನು ಆ ಸಾಲಿನಲ್ಲಿ ಮಗುವೇ ಬರೆಯಲಿ. ದಮ್ಮು ತೀರಾ ಕಡಿಮೆ ಇರುವ ಐದಾರು ಮಂದಿಯನ್ನು ಮಾತ್ರ ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಿ. ಬೈಯಲು ಅಲ್ಲ. ಮನೆಗೆ ಹೇಗೆ ಹೋಗುತ್ತೀಯ, ಸಂಜೆ ಏನು ಮಾಡುತ್ತೀಯ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀಯ ಅಂತ ಕೇಳಿ. ನಾಲ್ಕೂವರೆಗೆ ಶಾಲೆ ಬಿಟ್ಟು ಐದಕ್ಕೆ ಟ್ಯೂಷನ್ನು, ಎಂಟಕ್ಕೆ ಮನೆ ಅಂತ ಆ ಮಗು ಹೇಳಿದರೆ ನೀವು ಮಾತಾಡಬೇಕಾದ್ದು ಮಗುವಿನ ಹತ್ತಿರ ಅಲ್ಲ, ಅದರ ಅಪ್ಪ ಅಮ್ಮನ ಹತ್ತಿರ.